ಹಾಸಿಗೆ ಎಣಿಸಿದರೆ ಆರೈಕೆ ಅಳೆದಂತಾಯಿತೇ?

ಯಾವುದಾದರೂ ಮನೋರೋಗ ಆಸ್ಪತ್ರೆಯ ಅಥವಾ ವ್ಯಸನಮುಕ್ತಿ ಕೇಂದ್ರದ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡು ನೋಡಿ. ಇಷ್ಟು ಹಾಸಿಗೆಗಳು, ಇಷ್ಟು ವೈದ್ಯರು, ಇಷ್ಟು ದಾದಿಯರು, ವರ್ಷದಲ್ಲಿ ದಾಖಲಾದವರು ಇಷ್ಟು, ಗುಣಮುಖರಾಗಿ ಮನೆಗೆ ತೆರಳಿದವರು ಇಷ್ಟು ಎಂಬ ಅಂಕಿಗಳು ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತಿರುತ್ತವೆ. ಕೊನೆಯ ಪುಟದಲ್ಲಿ ಹೊಸ ಕಟ್ಟಡದ ಛಾಯಾಚಿತ್ರವೂ ದಾನಿಗಳಿಗೆ ಕೃತಜ್ಞತೆಯೂ ಇರುತ್ತವೆ. ಈ ಅಂಕಿಗಳಲ್ಲಿ ಯಾವುದೂ ಸುಳ್ಳಾಗಿರಬೇಕಿಲ್ಲ. ಆದರೆ ‘ಗುಣಮುಖರಾಗಿ ಮನೆಗೆ ತೆರಳಿದವರು’ ಎಂಬ ಆ ಒಂದು ಸಾಲಿನ ಬಳಿ ಕ್ಷಣಕಾಲ ನಿಂತು ಯೋಚಿಸಿ. ಮನೆಗೆ ತೆರಳಿದರೆಂಬುದನ್ನು ಕಾವಲುಗಾರನ ಪುಸ್ತಕ ಹೇಳಬಲ್ಲದು. ಗುಣಮುಖರಾದರೆಂದು ಹೇಳಿದವರು ಯಾರು? ಯಾವಾಗ ಹೇಳಿದರು? ಯಾರನ್ನು ಕೇಳಿ ಹೇಳಿದರು?

ನಮ್ಮ ಹಿರಿಯರು ಭತ್ತವನ್ನು ಕೊಳಗದಿಂದ ಅಳೆದರು, ಬಟ್ಟೆಯನ್ನು ಗಜದಿಂದ ಅಳೆದರು, ಚಿನ್ನವನ್ನು ತಕ್ಕಡಿಯಲ್ಲಿಟ್ಟು ತೂಗಿದರು. ಬಟ್ಟೆಯನ್ನು ಕೊಳಗದಲ್ಲಿ ಅಳೆಯಹೊರಟವನನ್ನು ಕಂಡರೆ ಸಂತೆಯೇ ನಗುತ್ತಿತ್ತು. ಮನಸ್ಸಿನ ಕಾಯಿಲೆಗೂ ಮದ್ಯವ್ಯಸನಕ್ಕೂ ನಾವು ನೀಡುತ್ತಿರುವ ಆರೈಕೆಯನ್ನು ಅಳೆಯುವಾಗ ಇಂಥದೇ ಎಡವಟ್ಟು ನಡೆಯುತ್ತಿದೆಯೆಂಬುದು ಈ ಲೇಖನದ ವಾದ. ಎಣಿಸಲು ಸುಲಭವಾದುದನ್ನು ನಾವು ಎಣಿಸುತ್ತಿದ್ದೇವೆ. ಎಣಿಸಲೇಬೇಕಾದುದು ಆಸ್ಪತ್ರೆಯ ಬಾಗಿಲಿನಾಚೆ ಉಳಿದುಬಿಡುತ್ತಿದೆ. ಇದು ಕೇವಲ ಲೆಕ್ಕಪತ್ರದ ಲೋಪವಲ್ಲ. ಅಳತೆ ತಪ್ಪಿದಲ್ಲಿ ಜೀವಗಳೂ ತಪ್ಪಿಹೋಗುತ್ತವೆ.

ಮೂರು ಬಗೆಯ ಅಳತೆ

ವೈದ್ಯಕೀಯ ಸೇವೆಯ ಗುಣಮಟ್ಟವನ್ನು ಅಳೆಯುವ ಶಾಸ್ತ್ರಕ್ಕೆ ತಳಹದಿ ಹಾಕಿದವರು ಅವೆಡಿಸ್ ಡೊನಬೆಡಿಯನ್. ಬೈರೂತಿನಲ್ಲಿ ಅರ್ಮೇನಿಯನ್ ಕುಟುಂಬವೊಂದರಲ್ಲಿ ಜನಿಸಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಈ ವೈದ್ಯರು 1966ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಮೂರು ಬಗೆಯ ಅಳತೆಗಳನ್ನು ಬೇರ್ಪಡಿಸಿ ತೋರಿಸಿದರು. ಮೊದಲನೆಯದು ವ್ಯವಸ್ಥೆಯ ರಚನೆ, ಅಂದರೆ ಕಟ್ಟಡ, ಹಾಸಿಗೆ, ಸಿಬ್ಬಂದಿ, ಹಣ. ಎರಡನೆಯದು ಪ್ರಕ್ರಿಯೆ, ಅಂದರೆ ರೋಗಿಗೆ ವಾಸ್ತವವಾಗಿ ಏನು ಮಾಡಲಾಯಿತು ಎಂಬುದು. ಮೂರನೆಯದು ಫಲಿತಾಂಶ, ಅಂದರೆ ಅದರಿಂದ ರೋಗಿಯ ಬದುಕಿಗೆ ಏನಾಯಿತು ಎಂಬುದು.

ಇದನ್ನು ನಮ್ಮ ಊರಿನ ಹಬ್ಬದ ಊಟಕ್ಕೆ ಹೋಲಿಸಿ ನೋಡಬಹುದು. ಎಷ್ಟು ಕೊಪ್ಪರಿಗೆಗಳಿವೆ, ಎಷ್ಟು ಮೂಟೆ ಅಕ್ಕಿ ಬಂದಿದೆ ಎಂಬುದು ರಚನೆ. ಅಕ್ಕಿ ಸರಿಯಾಗಿ ಬೆಂದು ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಲಾಯಿತೇ ಎಂಬುದು ಪ್ರಕ್ರಿಯೆ. ಹಸಿದು ಬಂದವನ ಹೊಟ್ಟೆ ತುಂಬಿತೇ ಎಂಬುದು ಫಲಿತಾಂಶ. ಕೊಪ್ಪರಿಗೆಗಳಿಲ್ಲದೆ ಅಡುಗೆಯಾಗದು, ನಿಜ. ಆದರೆ ಕೊಪ್ಪರಿಗೆಗಳನ್ನು ಎಣಿಸಿ ‘ಊಟ ಚೆನ್ನಾಗಿತ್ತು’ ಎಂದು ವರದಿ ಬರೆಯುವವನನ್ನು ಏನೆನ್ನೋಣ?

ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಈ ಮೂರನೆಯ ಅಳತೆ ವಿಶೇಷವಾಗಿ ಕಠಿಣ. ಮುರಿದ ಮೂಳೆ ಕೂಡಿತೇ ಎಂಬುದನ್ನು ಎಕ್ಸ್-ರೇ ತೋರಿಸುತ್ತದೆ. ನೊಂದ ಮನಸ್ಸು ಕೂಡಿತೇ ಎಂಬುದನ್ನು ತೋರಿಸುವ ಯಂತ್ರವಿಲ್ಲ. ಕಾಯಿಲೆ ವರ್ಷಗಟ್ಟಲೆ ಏರಿಳಿಯುತ್ತ ಸಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಇಲ್ಲಿ ಮುಖ್ಯ ಸಾಕ್ಷಿಯಾಗಬೇಕಾದ ರೋಗಿಯ ಮಾತನ್ನೇ ಸಮಾಜ ನಂಬುವುದಿಲ್ಲ. ‘ಅವನಿಗೇನು ಗೊತ್ತು?’ ಎಂಬ ಒಂದು ಉದ್ಗಾರದಿಂದ ಆತನ ದೂರೂ ಮೆಚ್ಚುಗೆಯೂ ಎರಡೂ ತಳ್ಳಿಹೋಗುತ್ತವೆ. ಅಮೆರಿಕದ ವೈದ್ಯಕೀಯ ಸಂಸ್ಥೆಯು ಮಾನಸಿಕ ಮತ್ತು ಮಾದಕವ್ಯಸನ ಚಿಕಿತ್ಸೆಯ ಗುಣಮಟ್ಟವನ್ನು ಕುರಿತು 2006ರಲ್ಲಿ ಹೊರತಂದ ಬೃಹತ್ ವರದಿಯೂ, ಗುಣಮಟ್ಟ ಅಳೆಯುವ ವಿಷಯದಲ್ಲಿ ಈ ಕ್ಷೇತ್ರವು ಇತರ ವೈದ್ಯಕೀಯ ಕ್ಷೇತ್ರಗಳಿಗಿಂತ ಹಿಂದುಳಿದಿದೆಯೆಂದು ಒಪ್ಪಿಕೊಂಡಿತು. ಸಿರಿವಂತ ದೇಶದ ಸ್ಥಿತಿಯೇ ಹೀಗಿರುವಾಗ ನಮ್ಮ ದೇಶದ ಕಥೆಯನ್ನು ತುಸು ವಿವರವಾಗಿಯೇ ನೋಡಬೇಕು.

ಗೋಡೆಗಳನ್ನು ಅಳೆದ ವರದಿ

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರ ಭೋರ್ ಸಮಿತಿಯ ಕಾಲದಲ್ಲಿ, ರಾಂಚಿಯ ಯುರೋಪಿಯನ್ ಮನೋರೋಗ ಆಸ್ಪತ್ರೆಯ ಅಧೀಕ್ಷಕರಾಗಿದ್ದ ಕರ್ನಲ್ ಮೂರ್ ಟೇಲರ್ ಅವರು ದೇಶದ ಮನೋರೋಗ ಆಸ್ಪತ್ರೆಗಳನ್ನು ಸುತ್ತಿ ನೋಡಿ, ಅವುಗಳಲ್ಲಿ ಹೆಚ್ಚಿನವು ಗುಣಪಡಿಸುವುದಕ್ಕಲ್ಲ, ಕೂಡಿಹಾಕುವುದಕ್ಕೆ ಕಟ್ಟಿದಂಥವು ಎಂಬ ಅಭಿಪ್ರಾಯವನ್ನು ದಾಖಲಿಸಿದರು. ಅದಾಗಿ ಅರ್ಧ ಶತಮಾನ ಕಳೆಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ ದೇಶದ 37 ಮನೋರೋಗ ಆಸ್ಪತ್ರೆಗಳ ಸ್ಥಿತಿಗತಿಯನ್ನು ಪರಿಶೀಲಿಸಿ, ಮಾನಸಿಕ ಆರೋಗ್ಯಸೇವೆಯ ಗುಣಮಟ್ಟದ ಬಗ್ಗೆ 1999ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ಈ ವಿಷಯದಲ್ಲಿ ನಮ್ಮ ನೆಲದಲ್ಲಿ ಹುಟ್ಟಿದ ಅತ್ಯಂತ ಪ್ರಾಮಾಣಿಕ ದಾಖಲೆಗಳಲ್ಲಿ ಅದೂ ಒಂದು ಎಂಬುದರಲ್ಲಿ ಎರಡು ಮಾತಿಲ್ಲ.

ಆ ವರದಿ ಕಂಡದ್ದೇನು? ಶೇಕಡಾ 38ರಷ್ಟು ಆಸ್ಪತ್ರೆಗಳು ತಾವು ಹುಟ್ಟಿದಾಗ ಹೊಂದಿದ್ದ ಸೆರೆಮನೆಯ ರೂಪವನ್ನೇ ಉಳಿಸಿಕೊಂಡಿದ್ದವು. ಒಂದು ಮಂಚಕ್ಕೆ 1.4 ರೋಗಿಗಳು ಎಂಬ ಪ್ರಮಾಣವಿತ್ತು. ಅಂದರೆ ಉಳಿದವರಿಗೆ ನೆಲವೇ ಗತಿ. ಕೆಲವೆಡೆ ರೋಗಿಗಳು ಎಲ್ಲರ ಕಣ್ಣೆದುರಿಗೇ ತೆರೆದ ಚರಂಡಿಯಲ್ಲಿ ಮಲಮೂತ್ರ ವಿಸರ್ಜಿಸಬೇಕಾಗಿತ್ತು. ರೋಗಿಗಳನ್ನು ಸೆರೆವಾಸಿಗಳಿಗೆ ಬಳಸುವ ಪದದಿಂದಲೂ, ಅವರನ್ನು ನೋಡಿಕೊಳ್ಳುವವರನ್ನು ವಾರ್ಡರ್ ಎಂಬ ಜೈಲಿನ ಪದದಿಂದಲೂ ಕರೆಯಲಾಗುತ್ತಿತ್ತು ಎಂಬುದನ್ನೂ ವರದಿ ಗಮನಿಸಿತು. ಈ ಕೊನೆಯ ಅಂಶ ನನಗೆ ಬಹು ಮುಖ್ಯವೆನಿಸುತ್ತದೆ. ಪರಿಶೀಲಕರು ಗೋಡೆಯ ಎತ್ತರವನ್ನಷ್ಟೇ ನೋಡದೆ ನಾಲಗೆಯ ಮೇಲಿನ ಮಾತನ್ನೂ ಆಲಿಸಿದರು. ಮನುಷ್ಯನನ್ನು ಯಾವ ಹೆಸರಿನಿಂದ ಕರೆಯುತ್ತೇವೆಯೋ ಅದೇ ರೀತಿಯಲ್ಲಿ ಅವನನ್ನು ನಡೆಸಿಕೊಳ್ಳುತ್ತೇವೆ.

ಈ ವರದಿ ಹೆಚ್ಚಾಗಿ ಅಳೆದದ್ದು ಡೊನಬೆಡಿಯನ್ ಹೇಳಿದ ಮೊದಲನೆಯ ಬಗೆಯನ್ನು, ಅಂದರೆ ರಚನೆಯನ್ನು. ಅದು ತಪ್ಪಲ್ಲ. ಮಲಗಲು ಮಂಚವಿಲ್ಲದವನ ಬಳಿ ಕುಳಿತು ಜೀವನದ ಸಾರ್ಥಕತೆಯನ್ನು ಅಳೆಯುವುದು ಕ್ರೂರ ವಿನೋದವಾದೀತು. ಅಳತೆಯಿಂದ ಪ್ರಯೋಜನವೂ ಆಯಿತು. 2008ರಲ್ಲಿ ಇದೇ ಎರಡು ಸಂಸ್ಥೆಗಳು ಮತ್ತೊಮ್ಮೆ ಪರಿಸ್ಥಿತಿಯನ್ನು ಅವಲೋಕಿಸಿದಾಗ ಅನೇಕ ಆಸ್ಪತ್ರೆಗಳಲ್ಲಿ ಸುಧಾರಣೆ ಕಂಡುಬಂದಿತು. ಯಾರೋ ಬಂದು ಎಣಿಸುತ್ತಾರೆ ಎಂಬ ಅರಿವೇ ಎಷ್ಟೋ ಬೀಗಗಳನ್ನು ತೆರೆಸಿತು.

ಆದರೂ ಓದುಗರಾದ ನಾವು ಒಂದು ಮಿತಿಯನ್ನು ಗುರುತಿಸಬೇಕು. ಆ ಅಳತೆಗೋಲು ಆಸ್ಪತ್ರೆಯ ಒಳಗೆ ಇರುವುದನ್ನು ಅಳೆಯಿತು. ಅಲ್ಲಿಂದ ಹೊರಟವರು ಎಲ್ಲಿಗೆ ಹೋದರು, ಹೊರಡಲಾಗದವರು ಏಕೆ ಉಳಿದರು ಎಂಬ ಪ್ರಶ್ನೆಗಳು ಗೋಡೆ ಬಿಳಿಯಾದ ಮಾತ್ರಕ್ಕೆ ತೀರುವಂಥವಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಸರ್ಕಾರಿ ಮನೋರೋಗ ಆಸ್ಪತ್ರೆಗಳ ಒಳರೋಗಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಜನ ವರ್ಷ ಮೀರಿ ಅಲ್ಲಿಯೇ ಇದ್ದಾರೆಂದು ಕಂಡುಕೊಂಡಿತು. ಮಂಚವೂ ಹೊದಿಕೆಯೂ ಹೊತ್ತಿಗೆ ಊಟವೂ ಇದ್ದು, ಹೋಗಲು ಮನೆಯಿಲ್ಲದೆ ಹತ್ತು ವರ್ಷ ಅಲ್ಲೇ ಕುಳಿತವಳ ಬಾಳನ್ನು ಮಂಚದ ಲೆಕ್ಕ ಹಿಡಿಯಲಾರದು. ಚೆನ್ನೈಯ ‘ದಿ ಬ್ಯಾನಿಯನ್’ ಸಂಸ್ಥೆ 2015ರಿಂದ ಇಂಥವರನ್ನು ನಾಲ್ಕೈದು ಮಂದಿಯ ಗುಂಪುಗಳಾಗಿ ಊರಿನ ನಡುವಿನ ಬಾಡಿಗೆ ಮನೆಗಳಲ್ಲಿ ನೆಲೆಗೊಳಿಸುತ್ತ ಬಂದಿದೆ. ಅಲ್ಲಿ ಅಳತೆಯೇ ಬದಲಾಗುತ್ತದೆ. ಸಂತೆಗೆ ಹೋಗಿ ತರಕಾರಿ ಕೊಂಡಳೇ, ನೆರೆಮನೆಯವರ ಹೆಸರು ಬಲ್ಲಳೇ, ತನ್ನ ಬಾಗಿಲಿನ ಕೀಲಿ ತನ್ನ ಕೈಯಲ್ಲಿದೆಯೇ ಎಂಬಂಥವು ಅಲ್ಲಿ ಕೇಳಬೇಕಾದ ಪ್ರಶ್ನೆಗಳಾಗುತ್ತವೆ.

ಲೆಕ್ಕಕ್ಕೇ ಸಿಗದ ಮನೆಗಳು

ಅಳತೆಗೆ ಸಿಕ್ಕ ಆಸ್ಪತ್ರೆಗಳ ಕಥೆ ಹೀಗಾದರೆ, ಅಳತೆಗೇ ಸಿಗದವುಗಳ ಕಥೆ ಇನ್ನೂ ಘೋರ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಆಶ್ರಯದಲ್ಲಿ ತಲೆಯೆತ್ತಿದ್ದ ಖಾಸಗಿ ‘ಮಾನಸಿಕ ಆಶ್ರಯಧಾಮ’ವೊಂದಕ್ಕೆ ಮುಂಜಾನೆ ಬೆಂಕಿ ತಗುಲಿತು. ಸರಪಳಿಯಿಂದ ಬಂಧಿತರಾಗಿದ್ದವರು ಓಡಲಾರದೆ 28 ಮಂದಿ ಸುಟ್ಟು ಸತ್ತರು. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು.

ಏರ್ವಾಡಿಯನ್ನು ಕೇವಲ ಒಂದು ಧರ್ಮದ ಅಥವಾ ಒಂದು ಊರಿನ ಮೂಢನಂಬಿಕೆಯೆಂದು ಬದಿಗೆ ಸರಿಸುವುದು ಸುಲಭ, ಅದು ಅನ್ಯಾಯವೂ ಹೌದು. ತಮ್ಮವರನ್ನು ಅಲ್ಲಿಗೆ ಕರೆತಂದ ಕುಟುಂಬಗಳು ದುಷ್ಟರಾಗಿರಲಿಲ್ಲ. ಅವರಿಗೆ ಹತ್ತಿರದಲ್ಲಿ ವೈದ್ಯರಿರಲಿಲ್ಲ, ಕೈಯಲ್ಲಿ ಹಣವಿರಲಿಲ್ಲ, ಮನೆಯಲ್ಲಿ ನೋಡಿಕೊಳ್ಳುವ ಶಕ್ತಿ ಬತ್ತಿತ್ತು. ಆ ಸರಪಳಿಗಳು ಗುಟ್ಟಾಗಿಯೂ ಇರಲಿಲ್ಲ; ಬಂದುಹೋಗುವವರೆಲ್ಲ ಅವನ್ನು ಕಂಡಿದ್ದರು. 1987ರ ಮಾನಸಿಕ ಆರೋಗ್ಯ ಕಾಯಿದೆ 1993ರಲ್ಲೇ ಜಾರಿಗೆ ಬಂದು, ಇಂಥ ಸ್ಥಳಗಳಿಗೆ ಪರವಾನಗಿ ಬೇಕೆಂದು ಹೇಳಿತ್ತು. ಗುಣಮಟ್ಟದ ಅಳತೆಯೆಂಬುದು ಅಳೆಯಿಸಿಕೊಳ್ಳಲು ಒಪ್ಪಿದವರನ್ನು ಮಾತ್ರ ಅಳೆಯುವುದಾದರೆ, ಅತಿ ಕೆಟ್ಟದ್ದು ಎಂದಿಗೂ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಏರ್ವಾಡಿ ನಮಗೆ ಕಲಿಸಬೇಕಾದ ಪಾಠ ಇದು.

ಏಳು ದಿನ, ಮೂವತ್ತು ದಿನ

ಇನ್ನು ಎರಡನೆಯ ಬಗೆಯ ಅಳತೆಗೆ, ಅಂದರೆ ಪ್ರಕ್ರಿಯೆಗೆ ಬರೋಣ. ಅಮೆರಿಕದಲ್ಲಿ ಆರೋಗ್ಯ ವಿಮಾ ಯೋಜನೆಗಳ ಗುಣಮಟ್ಟವನ್ನು ಪರಿಶೀಲಿಸುವ ರಾಷ್ಟ್ರೀಯ ಸಮಿತಿಯೊಂದಿದೆ. ಮನೋರೋಗಕ್ಕಾಗಿ ಆಸ್ಪತ್ರೆಯಲ್ಲಿದ್ದು ಬಿಡುಗಡೆಯಾದವನು ಏಳು ದಿನಗಳೊಳಗೆ, ಹಾಗೂ ಮೂವತ್ತು ದಿನಗಳೊಳಗೆ, ಮತ್ತೆ ವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಂಡನೇ ಎಂಬುದನ್ನು ಅದು ಎಣಿಸುತ್ತದೆ. ವ್ಯಸನಿಗಳ ವಿಷಯದಲ್ಲಿ, ಸಮಸ್ಯೆ ಪತ್ತೆಯಾದ ಹದಿನಾಲ್ಕು ದಿನಗಳೊಳಗೆ ಚಿಕಿತ್ಸೆ ಆರಂಭವಾಯಿತೇ, ಆರಂಭವಾದದ್ದು ಮುಂದುವರಿಯಿತೇ ಎಂದು ಕೇಳುತ್ತದೆ.

ಈ ದಿನಗಳ ಲೆಕ್ಕದ ಹಿಂದೆ ದುಃಖದ ಅನುಭವವಿದೆ. ಮನೋರೋಗ ಆಸ್ಪತ್ರೆಯಿಂದ ಹೊರಬಂದ ಮೊದಲ ಕೆಲವು ವಾರಗಳಲ್ಲೇ ಆತ್ಮಹತ್ಯೆಯ ಅಪಾಯ ಅತಿ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ಸ್ಥಿರಪಟ್ಟಿದೆ. ನಮ್ಮ ವಾರ್ಷಿಕ ವರದಿಗಳು ಎಲ್ಲಿ ಪೂರ್ಣವಿರಾಮ ಹಾಕುತ್ತವೆಯೋ ಅಲ್ಲಿಂದಲೇ ಅಪಾಯ ಆರಂಭವಾಗುತ್ತದೆ. ಬಸ್ಸು ಹತ್ತಿಸಿ ಕಳಿಸಿದವನು ಊರು ತಲುಪಿದನೇ, ಮಾತ್ರೆ ಮುಗಿದ ಮೇಲೆ ಮತ್ತೆ ತರಿಸಿಕೊಂಡನೇ ಎಂಬ ವಿಚಾರಣೆಗೆ ಒಂದು ದೂರವಾಣಿ ಕರೆಯ ಖರ್ಚು ಸಾಕು. ಆ ಕರೆ ಮಾಡುವುದು ಯಾರ ಕೆಲಸ ಎಂದು ಬರೆದಿಟ್ಟಿರುವ ಸಂಸ್ಥೆಗಳೆಷ್ಟು?

ಈ ಅಳತೆಗೂ ದೋಷವಿಲ್ಲದಿಲ್ಲ. ಭೇಟಿ ನಡೆಯಿತೆಂದು ಅದು ಹೇಳುತ್ತದೆಯೇ ವಿನಾ ಭೇಟಿಯಲ್ಲಿ ಏನು ನಡೆಯಿತೆಂದು ಹೇಳುವುದಿಲ್ಲ. ಉತ್ತರ ಭಾರತದ ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕ್ರಮವೊಂದನ್ನು ಹತ್ತಿರದಿಂದ ನೋಡಿದ ಸುಮಿತ್ ಜೈನ್ ಮತ್ತು ಸುಶ್ರುತ್ ಜಾಧವ್ ಅವರು 2009ರಲ್ಲಿ ಬರೆದ ಲೇಖನದಲ್ಲಿ, ಸಮುದಾಯದ ಸಹಭಾಗಿತ್ವವೆಂಬ ದೊಡ್ಡ ಮಾತುಗಳಿಂದ ಆರಂಭವಾದ ಯೋಜನೆ ಕಟ್ಟಕಡೆಗೆ ಮಾತ್ರೆ ಹಂಚುವ ಕೆಲಸಕ್ಕೆ ಇಳಿದುಹೋದ ಬಗೆಯನ್ನು ವಿವರಿಸಿದ್ದಾರೆ. ಹಂಚಿದ ಮಾತ್ರೆಗಳನ್ನು ಎಣಿಸುವುದು ಸುಲಭ. ಎರಡು ನಿಮಿಷ ಕಿವಿಗೊಟ್ಟದ್ದನ್ನು ಎಣಿಸುವುದು ಕಷ್ಟ. ಎಣಿಕೆಗೆ ಸಿಕ್ಕಿದ್ದು ಬೆಳೆಯುತ್ತದೆ, ಸಿಗದ್ದು ಸೊರಗುತ್ತದೆ.

ಶಿಬಿರದ ಕೊನೆಯ ದಿನ

ಮದ್ಯವ್ಯಸನದ ವಿಷಯಕ್ಕೆ ಬಂದಾಗ ನನ್ನ ವಿಮರ್ಶೆ ನಮ್ಮ ಅಂಗಳಕ್ಕೇ ಬರುತ್ತದೆ. ಕರ್ನಾಟಕದಲ್ಲಿ ಹತ್ತು ಹಲವು ಧಾರ್ಮಿಕ ಹಾಗೂ ಸೇವಾ ಸಂಸ್ಥೆಗಳು ಮದ್ಯವರ್ಜನ ಶಿಬಿರಗಳನ್ನೂ ವ್ಯಸನಮುಕ್ತಿ ಕೇಂದ್ರಗಳನ್ನೂ ನಡೆಸುತ್ತಿವೆ. ಅವುಗಳಲ್ಲಿ ನಮ್ಮ ಧರ್ಮಭಗಿನಿಯರೂ ಗುರುಗಳೂ ನಡೆಸುವಂಥವೂ ಇವೆ. ಅನೇಕ ಕುಟುಂಬಗಳಿಗೆ ಅವು ಹೊಸ ಬೆಳಕು ನೀಡಿವೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಶಿಬಿರದ ಕೊನೆಯ ದಿನ ವೇದಿಕೆಯ ಮೇಲೆ ಘೋಷಿಸುವ ಸಂಖ್ಯೆಯನ್ನು ಪರೀಕ್ಷಿಸಬೇಕಾಗಿದೆ. ‘ಇಷ್ಟು ಮಂದಿ ಕುಡಿತದಿಂದ ಮುಕ್ತರಾದರು’ ಎಂದು ಸಾರುವ ಆ ಹೊತ್ತಿಗೆ ಅವರು ಕುಡಿಯದೆ ಎಷ್ಟು ದಿನವಾಗಿರುತ್ತದೆ? ಎಂಟು ದಿನ ಅಥವಾ ಹತ್ತು ದಿನ, ಅದೂ ಮದ್ಯ ಸಿಗದ ಜಾಗದಲ್ಲಿ. ಬಿತ್ತನೆಯ ದಿನವೇ ಕಣದಲ್ಲಿ ನಿಂತು ಫಸಲು ಅಳೆದಂತೆ ಇದು.

2000ನೇ ಇಸವಿಯಲ್ಲಿ ಥಾಮಸ್ ಮೆಕ್‌ಲೆಲನ್ ಹಾಗೂ ಅವರ ಸಹೋದ್ಯೋಗಿಗಳು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ಬಗ್ಗೆ ನಮ್ಮ ದೃಷ್ಟಿಯನ್ನು ತಿದ್ದಬಲ್ಲದು. ವ್ಯಸನವು ಮಧುಮೇಹ, ರಕ್ತದೊತ್ತಡ, ಅಸ್ತಮಾಗಳಂತೆ ದೀರ್ಘಕಾಲದ ಕಾಯಿಲೆ. ಚಿಕಿತ್ಸೆಯ ಬಳಿಕ ಮರುಕಳಿಸುವ ಪ್ರಮಾಣವೂ ಆ ಕಾಯಿಲೆಗಳಲ್ಲಿ ರೋಗ ಮತ್ತೆ ಉಲ್ಬಣಿಸುವ ಪ್ರಮಾಣಕ್ಕಿಂತ ಹೆಚ್ಚೇನೂ ಅಲ್ಲ ಎಂದು ಅವರು ವಾದಿಸಿದರು. ರಕ್ತದೊತ್ತಡದ ಮಾತ್ರೆ ಬಿಟ್ಟವನಿಗೆ ಒತ್ತಡ ಏರಿದರೆ ‘ಮಾತ್ರೆ ಫಲಿಸುತ್ತಿತ್ತು, ಬಿಡಬಾರದಿತ್ತು’ ಎನ್ನುತ್ತೇವೆ. ಕುಡಿತ ಬಿಟ್ಟವನು ಆರು ತಿಂಗಳ ಮೇಲೆ ಮತ್ತೆ ಕುಡಿದರೆ ‘ಚಿಕಿತ್ಸೆ ವ್ಯರ್ಥ, ಮನುಷ್ಯನೇ ಅಯೋಗ್ಯ’ ಎನ್ನುತ್ತೇವೆ. ಒಂದೇ ಬಗೆಯ ಘಟನೆಗೆ ಎರಡು ತಕ್ಕಡಿಗಳು!

ತಪ್ಪಾದ ಅಳತೆ ರೋಗಿಗೆ ಹೇಗೆ ಹಾನಿ ಮಾಡುತ್ತದೆ ಎಂಬುದನ್ನು ಗಮನಿಸಿ. ‘ಶೇಕಡಾ ಇಷ್ಟು ಯಶಸ್ಸು’ ಎಂಬ ಅಂಕಿಯೇ ಸಂಸ್ಥೆಯ ಮಾನವಾದಾಗ, ಆ ಅಂಕಿಯನ್ನು ಕೆಡಿಸುವವನು ಸಂಸ್ಥೆಗೆ ಹೊರೆಯಾಗುತ್ತಾನೆ. ಎರಡು ಸಲ ಜಾರಿದವನಿಗೆ ಮೂರನೆಯ ಸಲ ಬಾಗಿಲು ತೆರೆಯಲು ಮನಸ್ಸಾಗದು. ಕುಡಿತದ ಜತೆಗೆ ಖಿನ್ನತೆಯೋ ಭ್ರಮೆಯೋ ಇರುವವನನ್ನು ‘ನಮ್ಮಲ್ಲಿ ಸಾಧ್ಯವಿಲ್ಲ’ ಎಂದು ಕಳಿಸಿದರೆ ಯಶಸ್ಸಿನ ಪ್ರಮಾಣ ಏರುತ್ತದೆ. ಯಾರಿಗೆ ಆರೈಕೆ ಹೆಚ್ಚು ಬೇಕೋ ಅವರನ್ನೇ ಹೊರಗಿಟ್ಟ ಸಂಸ್ಥೆ ಕಾಗದದ ಮೇಲೆ ಎಲ್ಲಕ್ಕಿಂತ ಉತ್ತಮವಾಗಿ ಕಾಣುತ್ತದೆ.

ಲೆಕ್ಕದ ಇನ್ನೊಂದು ಜಾಣ್ಮೆಯನ್ನೂ ಉದಾಹರಣೆಯೊಂದಿಗೆ ಹೇಳುತ್ತೇನೆ. ಕೇಂದ್ರವೊಂದರಿಂದ ನೂರು ಜನ ಹೊರಬಂದರೆನ್ನೋಣ. ವರ್ಷದ ಬಳಿಕ ಹುಡುಕಿದಾಗ ನಲವತ್ತು ಜನ ಸಿಕ್ಕರು, ಅವರಲ್ಲಿ ಮೂವತ್ತು ಜನ ಕುಡಿಯುತ್ತಿಲ್ಲ. ಯಶಸ್ಸು ಎಷ್ಟು? ಸಿಕ್ಕವರ ಲೆಕ್ಕದಲ್ಲಿ ಶೇಕಡಾ 75. ಹೊರಟವರ ಲೆಕ್ಕದಲ್ಲಿ ಖಚಿತವಾಗಿ ಹೇಳಬಹುದಾದದ್ದು ಶೇಕಡಾ 30. ಸಿಗದ ಅರವತ್ತು ಜನರಲ್ಲಿ ಕೆಲವರು ಚೆನ್ನಾಗಿರಬಹುದು. ಆದರೆ ಚೆನ್ನಾಗಿರುವವನು ಭೇಟಿಗೆ ಬರುತ್ತಾನೆ, ಜಾರಿದವನು ನಾಚಿ ತಪ್ಪಿಸಿಕೊಳ್ಳುತ್ತಾನೆ ಎಂಬುದು ಲೋಕಾನುಭವ. ಪ್ರಾಮಾಣಿಕ ವರದಿ ಮೂರೂ ಸಂಖ್ಯೆಗಳನ್ನು ಮುಂದಿಡುತ್ತದೆ: ಹೊರಟವರು, ಸಿಕ್ಕವರು, ಸಿಗದವರು.

ಕುಡಿಯದಿರುವುದೊಂದೇ ಫಲಿತಾಂಶವೂ ಅಲ್ಲ. ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ ಗುರುಗಳೆಲ್ಲ ಇದನ್ನು ಬಲ್ಲರು. ಕುಡಿಯುವವನ ಹೆಂಡತಿಯನ್ನು ‘ಈಗ ಹೇಗಿದ್ದಾರಮ್ಮ?’ ಎಂದು ಕೇಳಿದರೆ ಆಕೆ ಶೇಕಡಾವಾರು ಹೇಳುವುದಿಲ್ಲ. ‘ಈ ತಿಂಗಳು ಸಂಬಳ ಮನೆಗೆ ಬಂತು ಫಾದರ್, ಕೈ ಎತ್ತಿಲ್ಲ, ಮಗಳ ಫೀಸು ಕಟ್ಟಿದ್ದೇವೆ’ ಎನ್ನುತ್ತಾಳೆ. ಇದಕ್ಕಿಂತ ನಿಖರವಾದ ಫಲಿತಾಂಶದ ಅಳತೆ ಇನ್ನಾವುದಿದೆ? ತಿಂಗಳಿಗೊಮ್ಮೆ ಎಡವಿದರೂ ಹೆಂಡತಿಗೆ ಹೊಡೆಯುವುದನ್ನು ನಿಲ್ಲಿಸಿ ಕೆಲಸಕ್ಕೆ ಹೋಗುತ್ತಿರುವವನು ಹಳೆಯ ಲೆಕ್ಕದಲ್ಲಿ ‘ವಿಫಲ’. ಆ ಮನೆಯ ಲೆಕ್ಕದಲ್ಲಿ ಹಾಗಲ್ಲ.

ಬಾಗಿಲಿಗೇ ಬಾರದವರು

ಇಷ್ಟು ಹೊತ್ತು ಬಾಗಿಲೊಳಗೆ ಬಂದವರ ಮಾತಾಯಿತು. ಬಾರದವರು? 2015–16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಬೇಕಾಗಿಯೂ ಪಡೆಯದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ಶೇಕಡಾ 70ರಿಂದ 92ರವರೆಗಿತ್ತು. ಮದ್ಯದ ಸಮಸ್ಯೆಯುಳ್ಳವರಲ್ಲಿ ಅದು ಸುಮಾರು ಶೇಕಡಾ 86. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾದಕವಸ್ತು ಬಳಕೆಯ ಸಮೀಕ್ಷೆಯು ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ದೊರೆತಿದೆಯೆಂದೂ, 180 ಮಂದಿಯಲ್ಲಿ ಒಬ್ಬರಷ್ಟೇ ಒಳರೋಗಿಯಾಗಿ ಚಿಕಿತ್ಸೆ ಪಡೆದಿದ್ದಾರೆಂದೂ ತಿಳಿಸಿತು.

ಈ ಅಂಕಿಗಳ ಮುಂದೆ ಒಂದು ಆಸ್ಪತ್ರೆಯ ಗುಣಮಟ್ಟಕ್ಕೂ ಒಂದು ವ್ಯವಸ್ಥೆಯ ಗುಣಮಟ್ಟಕ್ಕೂ ಇರುವ ಅಂತರ ಎದ್ದು ಕಾಣುತ್ತದೆ. ನಗರದಲ್ಲೊಂದು ಅತ್ಯುತ್ತಮ ಆಸ್ಪತ್ರೆಯಿದ್ದು, ನೂರಿಪ್ಪತ್ತು ಮೈಲಿ ದೂರದ ಹಳ್ಳಿಯ ಕೂಲಿಗೆ ಅದನ್ನು ತಲುಪಲು ಎರಡು ದಿನದ ಕೂಲಿಯೂ ಬಸ್ಸಿನ ಹಣವೂ ಬೇಕಾದರೆ, ಆಸ್ಪತ್ರೆ ಉತ್ತಮ, ವ್ಯವಸ್ಥೆ ಅಧಮ. ಈ ಸತ್ಯವನ್ನು ಮೊದಲೇ ಮನಗಂಡದ್ದು ನಮ್ಮ ನಾಡೇ ಎಂಬುದು ಹೆಮ್ಮೆಯ ವಿಷಯ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗದ ಔಷಧಿಯನ್ನು ಹಳ್ಳಿಗೆ ಹತ್ತಿರ ತಂದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಾದ್ಯಂತ ಬಳ್ಳಾರಿಯೇ ಮಾದರಿಯಾಯಿತು. 2014ರಲ್ಲಿ ನಮ್ಮ ರಾಜ್ಯ ಆರಂಭಿಸಿದ ‘ಮನೋಚೈತನ್ಯ’ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರನ್ನು ಕರೆತಂದಿತು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಗೂ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರ. 14416 ಎಂಬ ಸಂಖ್ಯೆಗೆ ಯಾರಾದರೂ ಉಚಿತವಾಗಿ ಕರೆ ಮಾಡಬಹುದು.

ಆದರೆ ಇವನ್ನೂ ನಾವು ಎಣಿಸುತ್ತಿರುವುದು ತರಬೇತಿ ಪಡೆದ ವೈದ್ಯರು, ನಡೆದ ಶಿಬಿರಗಳು, ಬಂದ ಕರೆಗಳು ಎಂಬ ಹಳೆಯ ಪದ್ಧತಿಯಲ್ಲೇ. ಕರೆ ಮಾಡಿದವನಿಗೆ ಮರುವಾರ ವೈದ್ಯರು ಸಿಕ್ಕರೇ? ತಾಲ್ಲೂಕು ಕೇಂದ್ರದಲ್ಲಿ ಮಾತ್ರೆ ಮುಗಿದು ಖಾಲಿ ಕೈಯಲ್ಲಿ ಮರಳಿದವರೆಷ್ಟು? ಮೊದಲ ಭೇಟಿಯ ಬಳಿಕ ಮತ್ತೆ ಬಾರದವರೆಷ್ಟು? ಕೇಳಿದರೆ, ಇಂಥ ಮಾಹಿತಿ ಸಂಗ್ರಹಿಸಲು ಹಣವಿಲ್ಲ ಎಂಬ ಉತ್ತರ ಸಿದ್ಧ; ಹಣ ಕೇಳಿದರೆ, ಅಗತ್ಯವನ್ನು ತೋರಿಸುವ ಮಾಹಿತಿಯಿಲ್ಲ ಎಂಬ ಉತ್ತರ ಸಿದ್ಧ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆ ರೋಗಿಗಳಿಗಿಂತ ಕಚೇರಿಗಳಿಗೇ ಚೆನ್ನಾಗಿ ಒಪ್ಪುತ್ತದೆ.

ಪ್ರೀತಿಗೆ ಲೆಕ್ಕ ಬೇಕೇ?

ಇಲ್ಲಿ ಕೆಲವು ಓದುಗರು ಆಕ್ಷೇಪಿಸಬಹುದು. ‘ಸೇವೆಯನ್ನು ನಾವು ಪ್ರೀತಿಯಿಂದ ಮಾಡುತ್ತೇವೆ. ಅದು ಕಾರ್ಖಾನೆಯ ಸರಕೇನು, ಅಳೆದು ಸುರಿಯಲು?’ ಈ ಮಾತಿನಲ್ಲಿ ತೂಕವಿದೆ. ಅಚ್ಚರಿಯೆಂದರೆ, ಗುಣಮಟ್ಟದ ಅಳತೆಯ ಪಿತಾಮಹ ಡೊನಬೆಡಿಯನ್ ಅವರೇ ತಮ್ಮ ಕೊನೆಯ ದಿನಗಳಲ್ಲಿ, ಸ್ವತಃ ರೋಗಿಯಾಗಿದ್ದಾಗ ನೀಡಿದ ಸಂದರ್ಶನದಲ್ಲಿ, ಗುಣಮಟ್ಟದ ಅಂತಿಮ ರಹಸ್ಯ ಪ್ರೀತಿಯೇ ಎಂಬರ್ಥದ ಮಾತನ್ನಾಡಿದರು. ಆದರೆ ಅವರು ಅಳತೆಗೋಲನ್ನು ಎಸೆಯಲು ಹೇಳಲಿಲ್ಲ. ಪ್ರೀತಿಯಿದ್ದವನು ತನ್ನ ಕೆಲಸದ ಲೋಪವನ್ನು ತಾನೇ ಹುಡುಕಿ ತಿದ್ದಿಕೊಳ್ಳುತ್ತಾನೆ ಎಂಬುದು ಅವರ ಮಾತಿನ ಇಂಗಿತ.

ಸದುದ್ದೇಶವೊಂದೇ ಸಾಲದೆಂಬುದಕ್ಕೆ ಧರ್ಮಸಭೆಯ ಚರಿತ್ರೆಯಲ್ಲೇ ಸಾಕ್ಷಿಯಿದೆ. ಆಸ್ಪತ್ರೆಗಳ ಪಾಲಕನೆಂದು ನಾವು ಗೌರವಿಸುವ ಸಂತ ಜಾನ್ ಆಫ್ ಗಾಡ್ 16ನೆಯ ಶತಮಾನದಲ್ಲಿ ಸ್ಪೇನಿನ ಗ್ರನಾಡದ ರಾಜಾಸ್ಪತ್ರೆಯಲ್ಲಿ ಹುಚ್ಚನೆಂದು ಬಂಧಿತನಾಗಿ, ಅಂದಿನ ಚಿಕಿತ್ಸೆಯಂತೆ ಚಾವಟಿಯ ಏಟು ತಿಂದವನು. ಹೊಡೆದವರು ತಾವು ಗುಣಪಡಿಸುತ್ತಿದ್ದೇವೆಂದೇ ನಂಬಿದ್ದರು. ಏಟು ತಿಂದವನನ್ನು ಯಾರೂ ಕೇಳಲಿಲ್ಲ. ಅಲ್ಲಿಂದ ಹೊರಬಂದವನು ತಾನೇ ಆಸ್ಪತ್ರೆ ತೆರೆದು ಬೇರೆಯದೇ ದಾರಿ ತೋರಿಸಿದ.

ಶುಭಸಂದೇಶದ ಸಮಾರಿಯದವನ ಸಾಮತಿಯನ್ನು ನಾವು ನೂರಾರು ಬಾರಿ ಕೇಳಿದ್ದೇವೆ. ಗಾಯ ಕಟ್ಟಿದ್ದು ನೆನಪಿದೆ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದದ್ದು ನೆನಪಿದೆ. ಮರುದಿನ ಛತ್ರದವನಿಗೆ ಎರಡು ಬೆಳ್ಳಿನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಾನು ಮರಳಿ ಬಂದಾಗ ತೀರಿಸುವೆನೆಂದು ಹೇಳಿದ್ದನ್ನು ಮರೆಯುತ್ತೇವೆ. ಮರಳಿ ಬಂದು ನೋಡುವೆನೆಂಬ ಆ ಮಾತಿನಲ್ಲಿ ಹಣದ ಲೆಕ್ಕವೂ ಇದೆ, ಮನುಷ್ಯನ ಲೆಕ್ಕವೂ ಇದೆ. ಅಲ್ಲಿ ಪ್ರೀತಿಗೂ ಲೆಕ್ಕಕ್ಕೂ ಜಗಳವಿಲ್ಲ.

ಓದುಗರ ಕೈಯಲ್ಲಿನ ಅಳತೆಗೋಲು

ಈ ವಿಮರ್ಶೆ ಅಧಿಕಾರಿಗಳಿಗೆ ಮಾತ್ರ ಸೇರಿದ್ದೆಂದು ದಯವಿಟ್ಟು ಭಾವಿಸಬೇಡಿ. ನಾಳೆ ನಿಮ್ಮ ಮನೆಯವರನ್ನೋ ನೆರೆಯವರನ್ನೋ ಇಂಥ ಕೇಂದ್ರಕ್ಕೆ ಕರೆದೊಯ್ಯುವ ಪ್ರಸಂಗ ಬಂದೀತು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯು ನಿಮ್ಮ ಕೈಗೊಂದು ಅಳತೆಗೋಲನ್ನು ಕೊಟ್ಟಿದೆ. ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಅದರ ವ್ಯಾಪ್ತಿಯಲ್ಲಿವೆ. ಸರ್ಕಾರದ್ದಾಗಲಿ, ಖಾಸಗಿಯದ್ದಾಗಲಿ, ಧರ್ಮಸಂಸ್ಥೆಯ ಟ್ರಸ್ಟಿನದ್ದಾಗಲಿ, ಇಂಥ ರೋಗಿಗಳನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆಗಳೆಲ್ಲ ನೋಂದಣಿಯಾಗಬೇಕು. ಸರಪಳಿಯಿಂದ ಬಿಗಿಯುವುದನ್ನು ಕಾಯಿದೆ ಯಾವ ರೂಪದಲ್ಲೂ ಸಹಿಸುವುದಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ, ತನ್ನ ಬಟ್ಟೆ ಉಡಬಯಸುವವನಿಗೆ ಸಮವಸ್ತ್ರ ಹೇರುವಂತಿಲ್ಲ. ಶುಚಿತ್ವ, ಖಾಸಗಿತನ, ಪೌಷ್ಟಿಕ ಆಹಾರ ಅವನ ಹಕ್ಕುಗಳು.

ಕಾಯಿದೆಗೂ ಮಿತಿಯಿದೆ. ಅದು ಹೇಳುವ ಪುನರವಲೋಕನ ಮಂಡಳಿಗಳು ರಚನೆಯಾಗಲು ಎಷ್ಟೋ ರಾಜ್ಯಗಳಲ್ಲಿ ವರ್ಷಗಳೇ ಹಿಡಿದವು. ಕನಿಷ್ಠ ಮಟ್ಟವನ್ನು ಕಾಯಿದೆ ಗೊತ್ತುಪಡಿಸಬಲ್ಲದು. ಮನೆಗೆ ಮರಳಿದವನ ಬಾಗಿಲು ತಟ್ಟಿ ವಿಚಾರಿಸಲಾರದು. ಆದ್ದರಿಂದ ಹಾಸಿಗೆಯ ಬೆಲೆ ಕೇಳುವ ಮೊದಲು ಕೆಲವು ಪ್ರಶ್ನೆಗಳನ್ನು ವಿನಯದಿಂದ, ಆದರೆ ಬಿಡದೆ ಕೇಳಿ. ನೋಂದಣಿ ಪತ್ರ ಎಲ್ಲಿದೆ? ಮನೋವೈದ್ಯರು ವಾರದಲ್ಲಿ ಎಷ್ಟು ದಿನ ಬರುತ್ತಾರೆ? ಆತ ಮನೆಗೆ ಫೋನ್ ಮಾಡಬಹುದೇ, ನಾವು ಒಳಗೆ ಬಂದು ನೋಡಬಹುದೇ? ಮತ್ತೆ ಜಾರಿದರೆ ಸೇರಿಸಿಕೊಳ್ಳುವಿರಾ? ಮನೆಗೆ ಬಂದ ಮೇಲೆ ಮೊದಲ ವಾರ ವಿಚಾರಿಸುವವರು ಯಾರು, ಅವರ ಹೆಸರೇನು? ಕಳೆದ ವರ್ಷ ಹೊರಟವರಲ್ಲಿ ಎಷ್ಟು ಜನರ ಸುದ್ದಿ ನಿಮಗೆ ಗೊತ್ತಿದೆ?

ಒಳ್ಳೆಯ ಸಂಸ್ಥೆಗೆ ಈ ಪ್ರಶ್ನೆಗಳಿಂದ ಮುಜುಗರವಾಗದು. ಅವುಗಳಲ್ಲಿ ಕೆಲವಕ್ಕೆ ‘ಇನ್ನೂ ಮಾಡಿಲ್ಲ, ಮಾಡಬೇಕು’ ಎಂದು ಉತ್ತರಿಸುವ ಸಂಸ್ಥೆಯನ್ನು, ಶೇಕಡಾ ತೊಂಬತ್ತೈದು ಯಶಸ್ಸಿನ ಫಲಕ ಹಾಕಿಕೊಂಡ ಸಂಸ್ಥೆಗಿಂತ ಹೆಚ್ಚು ನಂಬಬಹುದು. ದಾನ ಕೊಡುವಾಗಲೂ ಹಾಗೆಯೇ. ಹೊಸ ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಬದಲು, ಹೊರಟವರ ಮನೆಗಳಿಗೆ ಹೋಗಿ ವಿಚಾರಿಸುವ ಒಬ್ಬ ಕಾರ್ಯಕರ್ತೆಯ ವರ್ಷದ ಸಂಬಳ ಕೊಡುವೆನೆಂದು ಹೇಳಿ ನೋಡಿ. ಆ ಕೆಲಸಕ್ಕೆ ಕಲ್ಲಿನ ಫಲಕವಿರುವುದಿಲ್ಲ. ಆದರೆ ಮುಂದಿನ ವರ್ಷದ ವರದಿಯಲ್ಲಿ ‘ಗುಣಮುಖರಾದವರು’ ಎಂಬ ಪದದ ಎದುರು ನಿಲ್ಲುವ ಸಂಖ್ಯೆ ಚಿಕ್ಕದಾದರೂ ಅದರ ಹಿಂದೆ ಒಬ್ಬೊಬ್ಬರನ್ನೂ ಕಂಡು ಕೇಳಿದ ಸತ್ಯವಿರುತ್ತದೆ.